ಹಟಮಾರಿಯ ಎಣ್ಣೆ

ಇಳಿತದ ಹೊತ್ತಿಗೆ ಅಚಾವೊ ದಂಡೆಯಿಂದ
ಕಡಲು ಎದ್ದು ಹೋಗಿಬಿಡುತ್ತದೆ,
ಊಟದ ನಡುವೆ ಮುನಿಸಿಕೊಂಡ ನೆಂಟನ ಹಾಗೆ.
ಕೆಸರಿನಲ್ಲಿ ಎಡಮಗ್ಗುಲಾಗಿ ಬಿದ್ದುಕೊಂಡಿದ್ದಾಳೆ
ನನ್ನ ಪೋರ್ಫಿಯಾದಾ. ಹಟಮಾರಿ ಅಂತ ಅರ್ಥ.
ಹೆಸರಿಟ್ಟವಳು ನಾನಲ್ಲ, ಎಲೆಉತೇರಿಯೊ ಕಾರ್ಕಮೊ.
ದೋಣಿ ಕೊಟ್ಟ, ಹಗ್ಗ ಕೊಟ್ಟ, ಬಕೆಟ್ಟು ಕೊಟ್ಟ,
ಎಣ್ಣೆ ಯಾವುದೆಂದು ಮಾತ್ರ ಹೇಳದೆ
ಪುಂತಾ ಅರೇನಾಸಿನ ಬಸ್ಸು ಹತ್ತಿದ.

ಹಲಗೆ ಎತ್ತಿದರೆ ಎಂಜಿನು.
ಮೂರು ಸಿಲಿಂಡರು, ಡೀಸೆಲ್, ನನಗಿಂತ ಎರಡು ವರ್ಷ ದೊಡ್ಡದು.
ಹಿತ್ತಾಳೆ ಫಲಕದ ಮೇಲೆ ನಾಲ್ಕು ಪದರ ಹಸಿರು ಬಣ್ಣ;
ಆಲೂಗಡ್ಡೆ ಹೆಚ್ಚುವ ಚಾಕುವಿನಲ್ಲಿ ಕೆರೆದೆ.
ಒಂದು ಮೂರು ಕಂಡಿತು.
ಪಕ್ಕದ್ದು ಸೊನ್ನೆಯೋ, ಮೊಳೆಯ ತೂತೋ.

ಅಂಗಡಿಯ ಬಹಾಮೊಂದೆ ಹೇಳಿದ: ದಪ್ಪನೆಯದು ಹಾಕು, ನಲವತ್ತು,
ಹಳೇ ಎಲುಬಿಗೆ ದಪ್ಪವೇ ಹಿತ.
ಆ ಡಬ್ಬದ ಮುಚ್ಚಳದ ಮೇಲೆ ಮೂರು ಚಳಿಗಾಲದ ಧೂಳಿತ್ತು.
ಸಾಲ್ಮನ್ ಕಂಪನಿಯ ಮೆಕ್ಯಾನಿಕ್ ಹುಡುಗ
ಜೇನಿನ ಬಣ್ಣದ ಸಿಂಥೆಟಿಕ್ ಎತ್ತಿ ಬೆಳಕಿಗೆ ಹಿಡಿದ.
ಬೆಲೆ ಕೇಳಿದೆ: ಎರಡು ಕುರಿ.
ಸುಳ್ಳೇಕೆ, ಒಂದು ಸಲ ಕೊಟ್ಟೆ.
ಒಳಗಿನ ಮೂವತ್ತು ವರ್ಷದ ಕೊಳೆಯನ್ನೆಲ್ಲ ತೊಳೆದುಹಾಕಿತು;
ಸೋರದಂತೆ ಹಿಡಿದಿದ್ದುದು ಆ ಕೊಳೆಯೇ ಎಂದು
ಆಮೇಲೆ, ಬುಡದಲ್ಲಿ ಎಣ್ಣೆಯ ಮಡು ನೋಡಿ, ತಿಳಿಯಿತು.

ಅಣ್ಣ ಹೇಳಿದ: ನನ್ನ ಪಿಕಪ್ಪಿಗೆ ಹಾಕೋದನ್ನೇ ಹಾಕು,
ಎಣ್ಣೆ ಅಂದರೆ ಎಣ್ಣೆ.
ಅಣ್ಣಾ, ನಿನ್ನ ಪಿಕಪ್ಪು ಇಳಿಜಾರಿನಲ್ಲಿ ಉಸಿರು ಬಿಡುತ್ತದೆ.
ದೋಣಿಗೆಲ್ಲಿದೆ ಇಳಿಜಾರು?
ಬಿಟ್ಟಲ್ಲಿಂದ ಮುಟ್ಟುವ ತನಕ ಒಂದೇ ಏರು,
ಮೇಷ್ಟ್ರನ್ನೂ ಕುರಿಯನ್ನೂ ಸೇಬಿನ ಚೀಲವನ್ನೂ ಹೊತ್ತು
ನೀರು ಉಳುತ್ತಾ.
ಮುಟ್ಟಿದ ಮೇಲೆ ಐದು ದಿನ ಉಪ್ಪಿನ ತೇವದಲ್ಲಿ
ಒಳಗೊಳಗೇ ಬೆವರುತ್ತಾ.

ಎಣ್ಣೆಗೂ ನೀರಿಗೂ ಆಗಿಬರುವುದಿಲ್ಲ ಅನ್ನುತ್ತಾರೆ.
ಬಡಿದು ಕಲಸುವವರಿದ್ದರೆ ಆಗಿಬರುತ್ತದೆ.
ಹೋದ ತಿಂಗಳು ಹೀರಿ ತೆಗೆದಾಗ
ಹಾಲು ಹೆಚ್ಚಾದ ಕಾಫಿಯ ಬಣ್ಣ.
ಗ್ಯಾಸ್ಕೆಟ್ಟು ಬದಲಿಸಿ, ಎರಡು ಸಲ ಅಗ್ಗದ ಎಣ್ಣೆಯಲ್ಲಿ ತೊಳೆದು,
ಮತ್ತೆ ಅದೇ ಪ್ರಶ್ನೆಯ ಮುಂದೆ ಮಂಡಿಯೂರಿದೆ.

ಆಗ, ದೋಣಿ ವಾಲಿದ್ದಕ್ಕೆ,
ಸಂಜೆಯ ಬಿಸಿಲು ಓರೆಯಾಗಿ ಒಳಗೆ ಬಿತ್ತು,
ಮಗುಚಿಟ್ಟ ಹಲಗೆಯ ಅಡಿಮೈ ಮೇಲೆ.
ಪೆನ್ಸಿಲ್ಲಿನ ಗೀಟು. ಮುದುಕನ ಕೈಬರಹ.
ಮೇ. ನಾಲ್ಕೂವರೆ ಲೀಟರ್. ೧೫-೪೦. ರೊಮೆಲಿಯಾಗೆ ಜ್ವರ.
ಮೇ. ೧೫-೪೦. ಹಸು ಮಾರಿದೆ.
ಮೇ. ೧೫-೪೦. ಜ್ವರ ಬಿಟ್ಟಿಲ್ಲ.
ಒಂದು ವರ್ಷ ಬರೀ ಗೆರೆ, ಏನೂ ಬರೆದಿಲ್ಲ.
ಆಮೇಲೆ ಮತ್ತೆ, ೧೫-೪೦.
ಆ ಬಿಟ್ಟ ವರ್ಷವನ್ನು ಎಂಜಿನು ಹೇಗೋ
ಹೊಟ್ಟೆಗೆ ಹಾಕಿಕೊಂಡಿರಬೇಕು.

ಮಿನರಲ್, ಡೀಸೆಲ್ಲಿನದು, ದುಬಾರಿಯೇನಲ್ಲ;
ಬಹಾಮೊಂದೆಯ ಅಂಗಡಿಯ ಕೆಳಗಿನ ಅರೆಯಲ್ಲಿತ್ತು, ಎಲ್ಲರ ಕಾಲಿಗೆ ಸಿಗುವಂತೆ.
ಎಣ್ಣೆ ಬಂದಾಗ ಕಣ್ಣು ಮುಚ್ಚಿದವಳಲ್ಲ ನಾನು.
ನಾಲ್ಕು ಲೀಟರು ಕಣ್ಣು ಬಿಟ್ಟೇ ಸುರಿದೆ,
ಆಮೇಲಿನ ಅರ್ಧವನ್ನು ಚಮಚ ಚಮಚವಾಗಿ.
ಕಡ್ಡಿ ಅದ್ದಿ ತೆಗೆದೆ: ಒಣಗಿತ್ತು.
ಇನ್ನೊಂದು ಡಬ್ಬದ ಮುಚ್ಚಳಕ್ಕೆ ಕೈ ಹೋಯಿತು,
ನಿಂತಿತು.
ವಾಲಿದ ದೋಣಿಯಲ್ಲಿ ಕಡ್ಡಿ ಸುಳ್ಳು ಹೇಳುತ್ತದೆ.

ಕಾದೆ. ಹುರಿದ ಆಲೂಗಡ್ಡೆ ತಿಂದೆ. ಹನಿ ಬಿತ್ತು, ನಿಂತಿತು.
ರಾತ್ರಿ ಹನ್ನೊಂದರ ಸುಮಾರಿಗೆ
ಮುನಿಸು ಮರೆತ ನೆಂಟ ವಾಪಸು ಬಂದ:
ಮೊದಲು ಬುಡದಲ್ಲಿ ಗುಳುಗುಳು, ಆಮೇಲೆ ಪಕ್ಕೆಗೆ ಒಂದು ತಟ್ಟು.
ಹಟಮಾರಿ ನರಳಿ, ಮಗ್ಗುಲು ಬದಲಿಸಿ,
ನೆಟ್ಟಗಾದಳು.
ಟಾರ್ಚು ಬಾಯಲ್ಲಿ ಕಚ್ಚಿ ಮತ್ತೆ ಕಡ್ಡಿ ತೆಗೆದೆ.
ಎರಡು ಗೀಟಿನ ನಡುವೆ, ಮೇಲಿನದಕ್ಕೆ ತುಸು ಹತ್ತಿರ.

ಪೆನ್ಸಿಲ್ ಸಿಗಲಿಲ್ಲ. ಮೊಳೆಯಲ್ಲಿ ಕೊರೆದೆ, ಮುದುಕನ ಸಾಲಿನ ಕೆಳಗೆ:
ಜೂನ್. ನಾಲ್ಕೂವರೆ. ೧೫-೪೦.
ಅಣ್ಣ ಮಾತು ಬಿಟ್ಟಿದ್ದಾನೆ.