ಅರವತ್ತೆಂಟು

ಸೊರಬದ ಎರಡು ಸರ್ಕಾರಿ ಶಾಲೆಗೂ ಬಣ್ಣ ಹೊಡೆದವನು ನಾನೇ.
ಯಾವುದು ಒಳ್ಳೇದು ಅಂತ ಲೋಲಾಕ್ಷಿ ಊರೆಲ್ಲ ವಿಚಾರಿಸಿ
ಕೊನೆಗೆ ನನ್ನ ಕೇಳಿದಳು.
ನನಗೆ ಗೊತ್ತಿರುವುದು ಗೋಡೆ.

ಸಂತೆಮಾಳದ ಶಾಲೆಯದು ಗಟ್ಟಿ ಗೋಡೆ, ಪುಟ್ಟಿ ಹಿಡಿಯುತ್ತದೆ.
ಮುನ್ನೂರು ಮಕ್ಕಳು. ಸೊಂಟದೆತ್ತರಕ್ಕೆ
ಜಗಲಿಯುದ್ದಕ್ಕೂ ಒಂದು ಕಂದು ಪಟ್ಟಿ,
ನಾನು ಬಳಿದದ್ದಲ್ಲ,
ಊಟದ ಸಾಲಿನ ಕೈಗಳು ಸವರಿದ್ದು.
ಒಂದನೇ ಕ್ಲಾಸಿಂದಲೇ ಇಂಗ್ಲಿಷು. ಎಂಟು ಜನ ಮೇಷ್ಟ್ರು,
ಹಳೇ ಬೆಡ್‌ಶೀಟು ಹೊದ್ದ ಆರು ಕಂಪ್ಯೂಟರು.
ಹೆಡ್ಮಾಸ್ಟ್ರು ಬಿಲ್ಲಿಗೆ ಸಹಿ ಹಾಕುವಾಗ ತಲೆ ಎತ್ತಲಿಲ್ಲ,
ತಡವನ್ನೂ ಮಾಡಲಿಲ್ಲ; ಅದನ್ನೂ ಹೇಳಬೇಕು.

ಹೊಳೆ ಬದಿಯ ಶಾಲೆಯಲ್ಲಿ ಹನ್ನೊಂದು ಮಕ್ಕಳು.
ಪಡುವಣ ಗೋಡೆ ಎಷ್ಟು ಬಳಿದರೂ ಉಗುಳುತ್ತದೆ,
ನಕ್ಷೆಯಲ್ಲಿ ಬೀದರ್ ಉದುರಿ
ಎರಡು ಸಲ ತಿದ್ದಿದ್ದೇನೆ.
ನಲ್ಲಿ ಮಾತ್ರ ಮಕ್ಕಳ ಎತ್ತರಕ್ಕಿದೆ.
ತಾರಾಬಾಯಿ ಟೀಚರೊಬ್ಬರೇ. ಅವರು ಮೀಟಿಂಗಿಗೆ ಹೋದ ದಿನ
ಅಡುಗೆಯ ಕನ್ನಮ್ಮ ಹಾಜರಿ ಕೂಗುತ್ತಾಳೆ.

ಎರಡೂ ಕಡೆ ಒಂದರಿಂದ ನೂರು ಬರೆದೆ,
ಹತ್ತು ಸಾಲು, ಸಾಲಿಗೆ ಹತ್ತು ಖಾನೆ,
ಒಂದೇ ಚೀಟಿ ನೋಡಿಕೊಂಡು.
ಎರಡೂ ಕಡೆ ಕೊನೆಗೊಂದು ಖಾನೆ ಮಿಕ್ಕಿತು.
ಖಾಲಿ ಬಿಡುವುದೇಕೆ ಅಂತ ದಾಸವಾಳ ಬಿಡಿಸಿದೆ.

ಹೊಳೆ ಬದಿಯಲ್ಲಿ ನಾನಿನ್ನೂ ಏಣಿ ಇಳಿದಿರಲಿಲ್ಲ,
ಮೂರನೇ ಕ್ಲಾಸಿನ ನಸೀಬಾ ಬಂದು ನಿಂತಳು.
"ಅಣ್ಣ, ನೂರಾದ ಮೇಲೆ ಹೂ ಯಾಕೆ?"
ಚಂದಕ್ಕೆ, ಅಂದೆ.
ಅವಳು ಚಂದವನ್ನು ಒಪ್ಪಲಿಲ್ಲ.
ನೂರರಿಂದ ಹಿಂದಕ್ಕೆ ಬೆರಳಿಟ್ಟುಕೊಂಡು ಬಂದು
ಅರವತ್ತೊಂಬತ್ತರ ಹತ್ತಿರ ನಿಂತು
ನನ್ನ ಕಡೆ ತಿರುಗಿದಳು.
ಬೈದಿದ್ದರೆ ವಾಸಿಯಿತ್ತು.

ಟೀಚರು ನಕ್ಕರು. ಹಾಗೇ ಇರಲಿ ಬಿಡಿ,
ಮುಂದಿನ ವರ್ಷದವರೂ ಹುಡುಕಲಿ, ಅಂದರು.
ಮುಂದಿನ ವರ್ಷ ಶಾಲೆ ಇರುತ್ತೋ ಇಲ್ಲವೋ ಎಂಬುದೂ
ಆ ನಗುವಿನಲ್ಲೇ ಇತ್ತು.

ಸಂತೆಮಾಳದಲ್ಲಿ ಎರಡು ವರ್ಷವಾಯಿತು.
ಬಿಇಒ ಸಾಹೇಬರು ಬಂದವರು
ಹೂವು ಚೆನ್ನಾಗಿದೆ ಅಂದರಂತೆ.

ಇಷ್ಟನ್ನೂ ಹೇಳಿದೆ. ಲೋಲಾಕ್ಷಿ
ಹೊಲಿಗೆ ಮಷೀನಿನಿಂದ ಕಾಲು ತೆಗೆಯದೆ ಕೇಳಿಸಿಕೊಂಡಳು.
"ಒಂದು ಅಂಕಿ ಹುಡುಕಿದ್ರು ಅಂತ
ಬಾಗಿಲು ಹಾಕೋ ಶಾಲೆಗೆ ಸೇರಿಸೋದಾ?
ನಾಳೆ ಮುಚ್ಚಿದ್ರೆ ಮಗು ಮತ್ತೆ ಹೊಸಬಳಾಗಿ
ಯಾವ ಬೆಂಚಿನ ತುದೀಲಿ ಕೂರಬೇಕು?"
ಮೂರು ಶಾಲೆ ಬದಲಿಸಿ ಏಳನೇ ಕ್ಲಾಸಿಗೆ ನಿಂತವಳು ಅವಳು.
ನಾನು ಮಾತು ಬೆಳೆಸಲಿಲ್ಲ.
ಅರ್ಜಿಯಲ್ಲಿ ಸಂತೆಮಾಳ ಅಂತಲೇ ಬರೆದೆ.

ಭಾನುವಾರ ಗೇಟಿನ ಬೀಗದ ಕೈ ಕೇಳಿ ತಂದು
ಹಂಸಿಕಾಳ ಕೈಗೆ ಕಪ್ಪು ಬಣ್ಣದ ಡಬ್ಬಿ ಕೊಟ್ಟು
ಅರವತ್ತೇಳಕ್ಕೂ ಅರವತ್ತೊಂಬತ್ತಕ್ಕೂ ನಡುವಿನ ಗೆರೆಯ ಮೇಲೆ
ಸಪೂರ ಬ್ರಶ್ಶಿನಲ್ಲಿ ಅರವತ್ತೆಂಟನ್ನು ತೂರಿಸಿದೆ,
ಇಬ್ಬರ ಸೀಟಿನಲ್ಲಿ ಮೂರನೆಯವನ ಹಾಗೆ.

"ಅದ್ಯಾಕಪ್ಪ ಅಷ್ಟು ಸಣ್ಣ?"
ತಡವಾಗಿ ಬಂತು, ಅಂದೆ.

ಹೂವನ್ನು ಅಳಿಸಲಿಲ್ಲ.
ಅದನ್ನು ಯಾರಾದರೂ ಕೇಳಬೇಕು.
ಮಗಳೇ ಕೇಳುತ್ತಾಳೇನೋ ಅಂತ ಬ್ರಶ್ಶು ತೊಳೆಯದೆ ಕಾದೆ.
ಅವಳು ಡಬ್ಬಿ ಕೆಳಗಿಟ್ಟು ಕೈ ತೊಳೆಯಲು ಓಡಿ
ನಲ್ಲಿ ಎಟುಕದೆ
ತುದಿಗಾಲಲ್ಲಿ ನಿಂತಿದ್ದಳು.