ಹನ್ನೆರಡು ವೋಲ್ಟು

ಗ್ಯುಮ್ರಿಯ ರೈಲು ನಿಲ್ದಾಣದ ಹಿಂದೆ, ಏಳು ಮೆಟ್ಟಿಲು ಕೆಳಗೆ
ನನ್ನ ರಿಪೇರಿ ಅಂಗಡಿ. ಬರುವವರ ಬೂಟು ಮೊದಲು ಕಾಣುತ್ತದೆ,
ಮುಖ ಆಮೇಲೆ.
ಇವತ್ತು ಕೆಂಪು ಬೂಟು, ಹಿಮ್ಮಡಿಗೆ ಹಿಮದ ಕೆಸರು,
ಕಂಕುಳಲ್ಲಿ ಕಂಬಳಿ ಸುತ್ತಿದ ಕಂಪ್ಯೂಟರು,
ಎಳೆಗೂಸನ್ನು ಲಸಿಕೆಗೆ ತಂದ ಹಾಗೆ.

ಶುಶಾನಿಕ್ ಹಲ್ಲು ಮಾಡುವವಳು.
ಊರಿನ ಅರ್ಧ ಬಾಯಿಗಳು ಅವಳ ಪರದೆಯ ಮೇಲೆ
ತೆರೆದುಕೊಂಡು ತಿರುಗುತ್ತವೆ.
ಉಬ್ಬು ತಗ್ಗು ತಿದ್ದಿ, ಕೂರಿಸಿ, ಕಚ್ಚಿಸಿ ನೋಡುತ್ತಾಳೆ.
ಅದಕ್ಕೇ ಈ ಹೊಸ ಗ್ರಾಫಿಕ್ಸ್ ಕಾರ್ಡು,
ಮೂರು ಫ್ಯಾನಿನದು, ಇಟ್ಟಿಗೆ ತೂಕ, ಆರು ತಿಂಗಳ ಕಂತು.
"ಒಂದು ಗಂಟೆ ಚೆನ್ನಾಗಿತ್ತು," ಅಂದಳು.
"ಹೆಗ್ನಾರ್ ಅಜ್ಜಿಯ ದವಡೆ ತಿರುಗಿಸುವಾಗ
ಪಟ್ಟನೆ ಕತ್ತಲೆ. ಕಾರ್ಡೇ ಕೆಟ್ಟದ್ದಿರಬೇಕು."

ಎಲ್ಲರೂ ಹಾಗೇ. ಸೊಸೆ ಬಂದ ವಾರವೇ
ಗಡಿಗೆ ಒಡೆದರೆ ಇನ್ಯಾರನ್ನು ಕೇಳುತ್ತಾರೆ?

ಮುಚ್ಚಳ ಬಿಚ್ಚಿ ಮೊದಲು ಮೂಸಿದೆ.
ಮೂಸುವುದು ಯಾವ ಕೈಪಿಡಿಯಲ್ಲೂ ಇಲ್ಲ.
ಮೂಲೆಯಲ್ಲಿ ಪವರ್ ಸಪ್ಲೈ, ಹನ್ನೊಂದು ವರ್ಷದ್ದು,
ಅವಳ ಮಾವ ಫೋಟೋ ಅಂಗಡಿ ಮುಚ್ಚಿದಾಗ ಉಳಿದದ್ದು.
ಮೈಮೇಲೆ ಚೀಟಿ: ಐನೂರು ವ್ಯಾಟು.
ಇರಲಿ. ನನ್ನ ಗುರುತಿನ ಚೀಟಿಯಲ್ಲೂ
ತಲೆತುಂಬ ಕಪ್ಪು ಕೂದಲಿದೆ.

ಒಳಗೆ ಬೆಕ್ಕಿನ ರೋಮ, ಧೂಳಿನ ಉಣ್ಣೆ.
ಕೆಪಾಸಿಟರುಗಳ ಸಾಲಿನಲ್ಲಿ ಎರಡರ ನೆತ್ತಿ ಉಬ್ಬಿದೆ,
ಒಂದರ ಬುಡದಲ್ಲಿ ಕಂದು ಅಂಟು,
ಮುಚ್ಚಳ ಸಡಿಲಾದ ಜಾಮಿನ ಬಾಟಲಿಯಂತೆ.
ಮೀಟರಿನ ಕಡ್ಡಿ ಚುಚ್ಚಿದೆ. ಸುಮ್ಮನಿದ್ದಾಗ
ಹನ್ನೆರಡಕ್ಕೆ ಹನ್ನೆರಡು, ಬಹಳ ಸಭ್ಯ.
ಅಜ್ಜಿಯ ದವಡೆ ತಿರುಗಿಸು ಅಂದೆ.
ಹನ್ನೊಂದೂ ಮುಕ್ಕಾಲು. ಹನ್ನೊಂದೂವರೆ. ಹನ್ನೊಂದೂ ಕಾಲು,
ಗಡಿಯಾರ ಹಿಂದಕ್ಕೆ ನಡೆದ ಹಾಗೆ.
ಫ್ಯಾನು ಏದುಸಿರು ಬಿಟ್ಟಿತು. ಕತ್ತಲೆ.

"ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ," ಅಂದೆ.
"ನನಗೇ ಹೇಳುತ್ತೀರಲ್ಲ ವಾರ್ದ್ಗೆಸ್!" ನಕ್ಕಳು.
ಆಮೇಲೆ, ಸಣ್ಣ ದನಿಯಲ್ಲಿ:
"ಇನ್ನೊಂದು ತಿಂಗಳು ಎಳೆಯುತ್ತದಾ?
ಕವಲು ತಂತಿ ಸಿಗುತ್ತದಂತೆ, ಎರಡು ಸಣ್ಣ ಬಾಯಿ ಸೇರಿಸಿ
ಒಂದು ದೊಡ್ಡದು ಮಾಡುವುದು."

ಕವಲು ತಂತಿ.
ತೊಂಬತ್ತಮೂರರ ಚಳಿಗಾಲ, ನನಗೆ ಹದಿಮೂರು.
ಭೂಕಂಪದ ನಂತರ ಕೊಟ್ಟ ತಗಡಿನ ಡಬ್ಬಿಮನೆಗಳು,
ದಿನಕ್ಕೆ ಒಂದು ಗಂಟೆ ಕರೆಂಟು, ಯಾವ ಗಂಟೆಯೋ ದೇವರೇ ಬಲ್ಲ.
ಅಪ್ಪ ರಾತ್ರೋರಾತ್ರಿ ಆಸ್ಪತ್ರೆಯ ಸಾಲಿನಿಂದ
ಒಂದು ಕವಲು ಎಳೆದ. ಒಂದೇ ಬಲ್ಬಿಗೆ.
ಪಕ್ಕದವರು ಕೇಳಿದರು. ಅವರ ಪಕ್ಕದವರು ಕೇಳಿದರು.
ತುದಿಯ ಡಬ್ಬಿಯ ಬಾಣಂತಿ, ಅವಳದೊಂದು ಹೀಟರು.
ನಮ್ಮ ಬಲ್ಬು ಹಳದಿಯಾಯಿತು, ಕಿತ್ತಳೆಯಾಯಿತು,
ಕೊನೆಗೆ ಗಾಜಿನೊಳಗೊಂದು ಕೆಂಪು ಹುಳ.
ಆ ಹುಳದ ಬೆಳಕಲ್ಲೇ ನಾನು ಭೂಗೋಳ ಓದಿದ್ದು.
ಯಾರೂ ಯಾರ ತಂತಿಯನ್ನೂ ಕೀಳಲಿಲ್ಲ.
ಒಂದು ರಾತ್ರಿ ತಗಡಿಗೆ ತಾಗಿದಲ್ಲೇ ತಂತಿ ಬೆಂದುಹೋಯಿತು.
ರಬ್ಬರು ಸುಟ್ಟ ವಾಸನೆ.
ನಾನು ಮೊದಲು ಮೂಸುವುದು ಅದಕ್ಕೆ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
"ಬೇಡ," ಅಂದೆ, "ಕವಲು ಬೇಡ."
ಪರ್ಸು ತೆರೆದು ಎಣಿಸಿದಳು. ಮುಚ್ಚಿದಳು.
ಕಿಟಕಿಯಲ್ಲಿ ಹಾಯುವ ಬೂಟುಗಳನ್ನು ನೋಡಿದಳು,
ಮತ್ತೆ ನನ್ನ ಬಾಯಿಯನ್ನು.
"ಎಡಗಡೆ, ಕೆಳಗೆ, ಆರನೆಯದು. ಎಷ್ಟು ವರ್ಷವಾಯಿತು?"
"ಒಂಬತ್ತು."
"ಹಾಗಾದರೆ ಮೇಲಿನದು ಇಷ್ಟಿಷ್ಟೇ ಇಳಿದಿರುತ್ತದೆ.
ಎದುರಿಗೆ ಆಸರೆ ಇಲ್ಲದ ಹಲ್ಲು ಇಳಿಯುತ್ತದೆ."
ಮೀಟರು ಓದಿದವಳ ಹಾಗೆ ಹೇಳಿದಳು.

ಕಪಾಟಿನಿಂದ ಆರುನೂರೈವತ್ತರದ್ದು ತೆಗೆದು
ಒರೆಸಿ, ಕೂರಿಸಿ, ತಂತಿ ತುರುಕಿ ಕೊಟ್ಟೆ.
ಅಜ್ಜಿಯ ದವಡೆ ನಿಲ್ಲದೆ ತಿರುಗಿತು, ಗುಲಾಬಿ ಬಣ್ಣ,
ಅಂಗಡಿಯ ಗೋಡೆಗೆಲ್ಲ ಅದರ ಬೆಳಕು.

ಹಳೆಯದು ನನ್ನ ಮೇಜಿನ ಕೆಳಗಿದೆ.
ಎರಡು ಕೆಪಾಸಿಟರು ಬದಲಿಸಿ
ಬೆಸುಗೆಯ ದೀಪಕ್ಕೆ ಕಟ್ಟಿದ್ದೇನೆ. ಹಗುರ ಕೆಲಸ.
ನಾಲಿಗೆ ಸಂಜೆಯಿಂದ ಆ ಸಂದಿಗೇ ಹೋಗುತ್ತಿದೆ.
ಗುರುವಾರ ಬಂದು ಮೇಣ ಕಚ್ಚಬೇಕಂತೆ.