ಕೈಯ ಉಗ್ಗು

ಮೊಂತೆವಿದೆಯೊ ಆಸ್ಪತ್ರೆ, ಎರಡನೇ ಮಹಡಿ, ನನ್ನ ಕೋಣೆ.
ಕಿಟಕಿಯಾಚೆ ನದಿ, ಕಡಲಷ್ಟು ಅಗಲ, ಹಾಲು ಬೆರೆಸಿದ ಚಹಾದ ಬಣ್ಣ.
ಮೇಜಿನ ಮೇಲೆ ಒಂಬತ್ತು ಕುಳಿಯ ಮಣೆ, ಒಂಬತ್ತು ಗೂಟ.
ಒಂದೊಂದಾಗಿ ನೆಡಬೇಕು, ಒಂದೊಂದಾಗಿ ಕೀಳಬೇಕು.
ಗಡಿಯಾರ ಹಿಡಿದು ಕೂರುವುದು ನನ್ನ ಕೆಲಸ.
ಆಟವಲ್ಲ ಎಂದರೂ ಬಂದವರೆಲ್ಲ ಗೆಲ್ಲಲು ನೋಡುತ್ತಾರೆ.

ಮಂಗಳವಾರ ಬಂದವನು ಅಪರಿಸಿಯೊ.
ಹತ್ತೊಂಬತ್ತು ವರ್ಷ, ಹುಟ್ಟುಕಿವುಡ.
ಜೊತೆಗೆ ಅಜ್ಜಿ ಎಲ್ವಿರಾ, ಅವಳಿಗೂ ಕಿವಿಯಿಲ್ಲ,
ಉಣ್ಣೆ ಗಿರಣಿಯಲ್ಲಿ ಮೂವತ್ತು ವರ್ಷ ಹರಿದ ನೂಲಿಗೆ ಗಂಟು ಹಾಕಿದವಳು.
ನಡುವೆ ದುಭಾಷಿ ಗ್ರಾಸಿಯೆಲಾ, ನೆಗಡಿ, ಕೈಯಲ್ಲಿ ಕರವಸ್ತ್ರ.

ಅಜ್ಜಿಯ ದೂರು: ಹುಡುಗ ಗೊಣಗುತ್ತಾನೆ.

ಗೊಣಗುವುದೇ?
ತೋರಿಸಿದಳು: ಸೊಂಟದ ಮಟ್ಟದಲ್ಲಿ, ಅರೆ ಮಡಿಚಿದ ಬೆರಳಲ್ಲಿ,
ತುದಿ ನುಂಗಿದ ಮಾತು.
ಹೆಬ್ಬೆರಳು ಏಳುವುದೇ ಇಲ್ಲ, ಎದ್ದರೆ ವಾಲುತ್ತದೆ,
ನಾಳೆ ಅಂದನೋ ನಿನ್ನೆ ಅಂದನೋ
ಅವನ ಮುಖ ನೋಡಿ ಊಹಿಸಬೇಕು, ಮುಖವೋ ಗಾಜಿನ ಕಡೆ.

ದಿನಕ್ಕೆ ಎಷ್ಟು ಹೊತ್ತು? ಕೇಳಿದೆ.
ನೆನಪಿನಿಂದ ಹೇಳಲಿಲ್ಲ ಅವನು. ಫೋನನ್ನೇ ತಿರುಗಿಸಿ ಹಿಡಿದ.
ಒಂಬತ್ತು ಗಂಟೆ ನಲವತ್ತು ನಿಮಿಷ.

ಗೂಟಗಳಿಗೆ ಮೂವತ್ತೊಂದು ಸೆಕೆಂಡು. ಎರಡು ಕೆಳಗೆ ಬಿದ್ದವು.
ಯಾರೂ ಹೇಳದಿದ್ದರೂ ಅಜ್ಜಿ ಮಣೆ ಎಳೆದುಕೊಂಡಳು:
ಇಪ್ಪತ್ತೆರಡು. ಒಂದೂ ಬೀಳಲಿಲ್ಲ.
ಅವಳು ನನ್ನತ್ತ ನೋಡಿದ ನೋಟಕ್ಕೆ ದುಭಾಷಿ ಬೇಕಿರಲಿಲ್ಲ.

ನೂರರಿಂದ ಏಳೇಳು ಕಳೆಯುತ್ತ ಬಾ ಅಂದೆ.
ತೊಂಬತ್ತಮೂರು. ಎಂಬತ್ತಾರು. ಎಂಬತ್ತು, ಇಲ್ಲ,
ಕೈ ಗಾಳಿಯಲ್ಲಿ ನಿಂತಿತು. ಮತ್ತೆ ಜೇಬಿನ ಕಡೆ ಸರಿಯಿತು.
ನಿಂತದ್ದು ಕೈಯೋ, ಲೆಕ್ಕವೋ?
ಕೈಯಲ್ಲೇ ಯೋಚಿಸುವವನಿಗೆ ಇವೆರಡು ಬೇರೆಯೇ?
ನನ್ನ ಕಾಗದದಲ್ಲಿ ಮಾತ್ರ ಎರಡು ಚೌಕ,
ಒಂದು ಬೆರಳಿಗೆ, ಒಂದು ಬುದ್ಧಿಗೆ.
ಎರಡರಲ್ಲೂ ಒಂದೇ ಗೀಟು ಎಳೆದೆ.

ಕಡಿಮೆ ಮಾಡು ಅಂದೆ, ಎಲ್ಲರಿಗೂ ಹೇಳುವಂತೆ.
ಆಗ ಅಜ್ಜಿ ಪಕ್ಷ ಬದಲಿಸಿದಳು.
ಅವಳಪ್ಪ ಪೈಸಂದುವಿನಲ್ಲಿ ಸತ್ತಾಗ
ಸುದ್ದಿ ತಲುಪಲು ನಾಲ್ಕು ದಿನ. ಮಣ್ಣು ಆಗಲೇ ಒಣಗಿತ್ತು.
ಕಿವಿಯಿದ್ದವರ ಫೋನು ಗೋಡೆಗೆ ನೇತಾಡುತ್ತಿತ್ತು, ಅವಳ ಪಾಲಿಗೆ ಬರಿ ಮೊಳೆ.
ಕೈಗಳನ್ನು ದೂರಕ್ಕೆ ಒಯ್ದ ಮೊದಲ ಯಂತ್ರ ಇದೇ.
ಈಗ ಅದೇ ಕೈಗಳಿಗೆ ಕೈಕೊಟ್ಟಿದೆ.
ಒಂದು ಕೈ ಅದನ್ನು ಹಿಡಿಯಬೇಕು, ಮಾತಿಗೆ ಉಳಿಯುವುದು ಇನ್ನೊಂದು.

ಪಟ್ಟಿ ಕಟ್ಟಿದೆ, ಬುಡದಿಂದ ಮಣಿಕಟ್ಟಿನವರೆಗೆ. ಆರು ವಾರ.
ಬಾಯಿಗೇ ಪಟ್ಟಿಯೇ? ಅಂದಳು ಎಲ್ವಿರಾ.
ಗ್ರಾಸಿಯೆಲಾ ಅನುವಾದಿಸಿ ಮೂಗು ಒರೆಸಿಕೊಂಡಳು.
ನಾನು ಗೂಟಗಳನ್ನು ಎಣಿಸುವವಳಂತೆ ತಲೆ ತಗ್ಗಿಸಿದೆ.

ಆ ರಾತ್ರಿ ಹಾಸಿಗೆಯಲ್ಲಿ, ನೀಲಿ ಬೆಳಕಿನಲ್ಲಿ,
ನನ್ನ ಕಿರುಬೆರಳ ಪಕ್ಕ ಒಂದು ಕುಳಿ ಕಂಡಿತು,
ಫೋನಿನ ಭಾರ ಹೊತ್ತು ಹೊತ್ತು ಬಿದ್ದ ಕುಳಿ.
ಹತ್ತನೆಯದು.
ಅದಕ್ಕೆ ಗೂಟವಿಲ್ಲ.

ಆರು ವಾರಕ್ಕೆ ಮತ್ತೆ ಬಂದರು. ಇಪ್ಪತ್ತಾರು ಸೆಕೆಂಡು.
ವಾಸಿ ಎನ್ನಲಾರೆ.
ಪಡಸಾಲೆಯಲ್ಲಿ ಅವನು ಮಾತೆಯ ಬಿಸಿನೀರ ಫ್ಲಾಸ್ಕಿಗೆ
ಫೋನು ಒರಗಿಸಿದ್ದ, ಎರಡು ಕೈಯೂ ಬಿಡುವಾಗಲೆಂದು,
ಸಾಲ್ತೊ ಊರಿನ ಯಾವಳೋ ಹುಡುಗಿಗೆ ಹೆಸರು ಹೇಳುತ್ತಿದ್ದ.

ಅವನ ಹೆಸರು, ಅಜ್ಜಿ ತೊಟ್ಟಿಲಲ್ಲಿ ಇಟ್ಟದ್ದು:
ಹೆಬ್ಬೆರಳ ತುದಿಯಿಂದ ಕಿತ್ತಳೆಯ ಬೀಜ ಚಿಮ್ಮಿಸಿದ ಹಾಗೆ.
ಚಿಮ್ಮಲಿಲ್ಲ. ಬೀಜ ಅವನ ಮಡಿಲಿಗೇ ಬಿತ್ತು.

ಪಕ್ಕದಲ್ಲಿ ಕೂತಿದ್ದವಳು ಬಾಗಿ,
ಇಲ್ಲದ ಬೀಜವನ್ನು ಎರಡೇ ಬೆರಳಲ್ಲಿ ಹೆಕ್ಕಿ
ಅವನ ಬೆರಳ ತುದಿಗೆ ಇಟ್ಟಳು.